ಫ್ಲೂಯಿಡ್ ಮತ್ತು ಬೆಂಕಿ ಸಿಮ್ಯುಲೇಶನ್ ಗಟ್ಟಿ ಮೆಶ್ ಮಾಡುವುದು ಹೇಗೆ? ಕಾಫಿ ಧಾರೆ, ಒಲೆಯ ಉರಿ, ಎರಡೂ ತ್ರೀಡಿ ಪ್ರಿಂಟ್ ಆಗಬೇಕು

ಬಸವನಗುಡಿ_ಬ್ಲೆಂಡರ್

ಎಲ್ಲರಿಗೂ ನಮಸ್ಕಾರ. ಗಾಂಧಿ ಬಜಾರ್ ಕಡೆಯ ಒಂದು ಕಾಫಿ ಅಂಗಡಿಗೆ ಷೋಕೇಸ್ ಮಾಡೆಲ್ ಮಾಡಿಕೊಡುವ ಕೆಲಸ ಒಪ್ಪಿಕೊಂಡಿದ್ದೇನೆ. ಮೇಲೆ ಒಂದು ಸ್ಟೀಲ್ ಲೋಟ, ಕೆಳಗೆ ಬಟ್ಟಲು. ಮಧ್ಯೆ 60 ಸೆಂಟಿಮೀಟರ್ ಉದ್ದದ ಕಾಫಿ ಧಾರೆ, ಎತ್ತಿ ಹೊಯ್ಯುವಾಗ ಗಾಳಿಯಲ್ಲೇ ನಿಂತುಬಿಟ್ಟ ಹಾಗೆ. ಪಕ್ಕದಲ್ಲಿ ಸೌದೆ ಒಲೆ, ಅದರ ಮೇಲೆ ಹಾಲಿನ ಪಾತ್ರೆ, ಕೆಳಗೆ ಉರಿ. ಲೋಟ, ಬಟ್ಟಲು, ಪಾತ್ರೆ ನಿಜವಾದವೇ ಇಡುತ್ತೇವೆ. ಧಾರೆ, ಬಟ್ಟಲಲ್ಲಿ ಏಳುವ ಚಿಮ್ಮು, ಉರಿ, ಈ ಮೂರನ್ನು ಪ್ರಿಂಟ್ ಮಾಡಬೇಕು. ಉರಿಯ ಒಳಗೆ ಎಲ್‌ಇಡಿ ಕೂರಬೇಕು.

ಬ್ಲೆಂಡರ್ ಅನ್ನುವ ತ್ರೀಡಿ ಸಾಫ್ಟ್‌ವೇರ್‌ನಲ್ಲಿ ಮಾಂಟಾಫ್ಲೋ (ದ್ರವ, ಬೆಂಕಿಯ ಚಲನೆ ಲೆಕ್ಕ ಹಾಕುವ ಭಾಗ) ಬಳಸಿ ಸಿಮ್ಯುಲೇಶನ್ ಮಾಡಿದ್ದೇನೆ. ಚಿಮ್ಮು ಪರವಾಗಿಲ್ಲ. ಧಾರೆ ಮಾತ್ರ ಅರ್ಧ ದಾರಿಯಲ್ಲೇ ತುಂಡು ತುಂಡಾಗಿ ಒಡೆದುಹೋಗುತ್ತದೆ. ಬೆಂಕಿ ತೆರೆಯ ಮೇಲೆ ಚೆನ್ನಾಗಿ ಕಾಣುತ್ತದೆ, ಎಸ್‌ಟಿಎಲ್ (ಪ್ರಿಂಟಿಗೆ ಕೊಡುವ ಫೈಲ್) ಎಕ್ಸ್‌ಪೋರ್ಟ್ ಕೊಟ್ಟರೆ ಬರೀ ಡೊಮೇನ್ ಡಬ್ಬ, ಅಂದರೆ ಸಿಮ್ಯುಲೇಶನ್ ನಡೆಯುವ ಡಬ್ಬ ಬರುತ್ತದೆ. ಕಣಗಳ ಮೂಲಕ ಮೆಶ್ (ತ್ರಿಕೋನಗಳಿಂದ ಕಟ್ಟಿದ ಮೇಲ್ಮೈ) ಮಾಡಬಹುದು ಅಂತ ಕೇಳಿದ್ದೇನೆ. ಒಬ್ಬೊಬ್ಬರು ಒಂದೊಂದು ದಾರಿ ಹೇಳುತ್ತಾರೆ. ಮಾಡಿದವರು ಯಾರಾದರೂ ಇದ್ದೀರಾ?

ಪೀಣ್ಯ_ಪ್ರಿಂಟ್

ಮೊದಲು ಇದು ಹೇಳಿ. ಫಿಲಮೆಂಟಾ (ಕರಗಿಸಿ ಪದರ ಪದರ ಹಾಕುವ ಪ್ಲಾಸ್ಟಿಕ್ ದಾರ), ರೆಸಿನ್ನಾ (ಬೆಳಕಿಗೆ ಗಟ್ಟಿಯಾಗುವ ದ್ರವ)? ಎಲ್ಲ ಅದರ ಮೇಲೆ ನಿಂತಿದೆ.

ಬಸವನಗುಡಿ_ಬ್ಲೆಂಡರ್

ಧಾರೆ ಮತ್ತು ಚಿಮ್ಮು ಪಿಎಲ್‌ಎ ಫಿಲಮೆಂಟ್, ಮೇಲೆ ಬಣ್ಣ ಹೊಡೆಯುತ್ತೇನೆ. ಉರಿ ಪಾರದರ್ಶಕ ರೆಸಿನ್.

ವಾಕ್ಸೆಲ್_ವಾಣಿ

ಡಬ್ಬ ಬರುವುದು ಸಹಜ. ನೀರಿಗೆ ಮೇಲ್ಮೈ ಇದೆ, ಬೆಂಕಿಗೆ ಇಲ್ಲ. ಬೆಂಕಿ ಸಿಮ್ಯುಲೇಶನ್ ಅಂದರೆ ಡಬ್ಬದೊಳಗಿನ ಪ್ರತಿ ಪುಟ್ಟ ಚೌಕಕ್ಕೂ ಒಂದೊಂದು ಸಂಖ್ಯೆ. ಇಷ್ಟು ಹೊಗೆ, ಇಷ್ಟು ಬಿಸಿ, ಇಷ್ಟು ಉರಿ, ಈ ಕಡೆಗೆ ವೇಗ. ರೆಂಡರ್ ಮಾಡುವಾಗ ಆ ಸಂಖ್ಯೆಗೆ ಬಣ್ಣ ಕೊಡುತ್ತೇವೆ, ಆದ್ದರಿಂದ ಕಾಣುತ್ತದೆ. ಮೆಶ್ ಅನ್ನುವುದು ಅಲ್ಲಿ ಎಲ್ಲೂ ಇಲ್ಲ. ಎಲ್ಲಿ ಉರಿ ಮುಗಿದು ಗಾಳಿ ಶುರುವಾಗುತ್ತದೆ ಅಂತ ನೀವೇ ಗೆರೆ ಎಳೆಯಬೇಕು.

ನೇರ ದಾರಿ ಒಂದಿದೆ. ಬೇಕ್ ಮಾಡುವಾಗ (ಸಿಮ್ಯುಲೇಶನ್ ಲೆಕ್ಕ ಹಾಕಿ ಉಳಿಸುವಾಗ) ಕ್ಯಾಶ್ ಫಾರ್ಮ್ಯಾಟ್ ಓಪನ್‌ವಿಡಿಬಿ ಇರಲಿ, ಅದು ಈ ಚೌಕಗಳ ಸಂಖ್ಯೆ ಉಳಿಸುವ ಫೈಲ್ ಬಗೆ. ನಿಮಗೆ ಇಷ್ಟವಾದ ಫ್ರೇಮಿನ ಫೈಲನ್ನು ವಾಲ್ಯೂಮ್ ಆಗಿ ಇಂಪೋರ್ಟ್ ಮಾಡಿ. ಬೇರೆ ಒಂದು ಮೆಶ್ ಆಬ್ಜೆಕ್ಟ್ ಮೇಲೆ ವಾಲ್ಯೂಮ್ ಟು ಮೆಶ್ ಮಾಡಿಫೈಯರ್ ಹಾಕಿ, ಅದಕ್ಕೆ ಆ ವಾಲ್ಯೂಮ್ ತೋರಿಸಿ, ಉರಿಯ ಗ್ರಿಡ್ ಆರಿಸಿ, ಥ್ರೆಶೋಲ್ಡ್ (ಎಷ್ಟು ಸಂಖ್ಯೆಯಿಂದ ಮೇಲೆ ಉರಿ ಅನ್ನುವ ಗೆರೆ) ಸರಿಸುತ್ತಾ ಹೋಗಿ. ಈ ಮಾಡಿಫೈಯರ್ 2.91ರಿಂದ ಇದೆ. ಸಿಮ್ಯುಲೇಶನ್ ಡೊಮೇನ್ ಮೇಲೇ ಅದನ್ನು ಹಾಕಿದರೆ ಏನೂ ಆಗುವುದಿಲ್ಲ, ಅದಕ್ಕೆ ವಾಲ್ಯೂಮ್ ಆಬ್ಜೆಕ್ಟೇ ಬೇಕು.

ಹಳೇ_ಮೆಟಾಬಾಲ್

ವಾಣಿಯವರು ಹೇಳಿದ್ದು ಸರಿ. ಆದರೆ ಉರಿಗೆ ಆ ದಾರಿ ನನಗೆ ಹಿಡಿಸುವುದಿಲ್ಲ. ಥ್ರೆಶೋಲ್ಡ್ ಚೂರು ಮೇಲೆ ಹೋದರೆ ಉರಿ ಹರಿದ ಬಟ್ಟೆ ಆಗುತ್ತದೆ, ಚೂರು ಕೆಳಗೆ ಬಂದರೆ ಉಬ್ಬಿದ ಮೂಟೆ. ನಡುವೆ ಒಂದೊಂದು ಫ್ರೇಮಿಗೆ ಒಂದೊಂದು ಸಂಖ್ಯೆ. ಮೇಲಿಂದ ತೇಲುವ ತುಂಡುಗಳು, ಒಳಗೆ ಟೊಳ್ಳು ಗುಳ್ಳೆಗಳು. ಕಣ್ಣಿಗೆ ಉರಿಯ ನಾಲಿಗೆ ಅಂತ ಕಾಣುವುದು ಇದರಲ್ಲಿ ಬರುವುದೇ ಇಲ್ಲ.

ಕಣ ಬಳಸಿ. ಹಳೆಯ ಕಾಲದಿಂದಲೂ ಅದೇ ದಾರಿ. ಜಿಮ್ ಬ್ಲಿನ್ 1982ರಲ್ಲೇ ಬಿಂದುಗಳ ಸುತ್ತ ಕ್ಷೇತ್ರ ಕಟ್ಟಿ, ಅವು ಹತ್ತಿರ ಬಂದಾಗ ಬೆಸೆದುಕೊಳ್ಳುವ ಮೇಲ್ಮೈ ತೋರಿಸಿದ್ದರು. ನಾವು ಮೆಟಾಬಾಲ್ ಅನ್ನುವುದು ಅದರ ಮನೆತನದ್ದೇ. ಬ್ಲೆಂಡರ್‌ನಲ್ಲಿ ಪ್ರತಿ ಕಣಕ್ಕೂ ಒಂದು ಮೆಟಾಬಾಲ್ ಕೂರಿಸಿದರೆ ಈಗಲೂ ಕೆಲಸ ಮಾಡುತ್ತದೆ.

ರಾಜಾಜಿನಗರ_ರೆಂಡರ್

ಮೆಟಾಬಾಲಾ? ಸಾವಿರ ಕಣ ದಾಟಿದರೆ ಬ್ಲೆಂಡರ್ ಉಸಿರು ಬಿಡುತ್ತದೆ ಅಣ್ಣ. ಈಗ ಪಾಯಿಂಟ್ಸ್ ಟು ವಾಲ್ಯೂಮ್, ಆಮೇಲೆ ವಾಲ್ಯೂಮ್ ಟು ಮೆಶ್. ಜಿಯೊಮೆಟ್ರಿ ನೋಡ್ಸ್‌ನಲ್ಲಿ (ಬ್ಲೆಂಡರ್‌ನಲ್ಲಿ ಆಕಾರವನ್ನು ಹಂತ ಹಂತವಾಗಿ ಕಟ್ಟುವ ವ್ಯವಸ್ಥೆ) ಎರಡು ನೋಡ್, ಮುಗಿಯಿತು.

ಹಳೇ_ಮೆಟಾಬಾಲ್

ಒಪ್ಪುತ್ತೇನೆ. ನಾನು ಹೇಳಿದ್ದು ತತ್ವ. ಕಣದ ಸುತ್ತ ಗೋಳ, ಗೋಳಗಳ ಬೆಸುಗೆ.

ಜಯನಗರ_4ನೇಬ್ಲಾಕ್

ಇಷ್ಟೆಲ್ಲ ಯಾಕೆ? ಶಿಲ್ಪ ಮಾಡಿದ ಹಾಗೆ ಕೈಯಲ್ಲೇ ಸ್ಕಲ್ಪ್ಟ್ ಮಾಡಿಬಿಡಿ. ಒಂದು ಉರಿ, ಒಂದು ಧಾರೆ. ಎಷ್ಟು ಹೊತ್ತು ಹಿಡಿಯುತ್ತದೆ?

ವಾಕ್ಸೆಲ್_ವಾಣಿ

ಕೈ ಚೆನ್ನಾಗಿದ್ದರೆ ಮಾಡಬಹುದು. ಆದರೆ ಕಾಫಿ ಬೀಳುವುದನ್ನು ಬೆಂಗಳೂರಿನ ಜನ ಎಲ್ಲರೂ ದಿನಾ ನೋಡಿದ್ದಾರೆ. ಧಾರೆ ಎಲ್ಲಿ ಸಣ್ಣಗಾಗುತ್ತದೆ, ಬಟ್ಟಲಿಗೆ ಬಿದ್ದ ಮೇಲೆ ಅಂಚು ಹೇಗೆ ಏಳುತ್ತದೆ ಅಂತ ಕಣ್ಣಿಗೆ ಗೊತ್ತು. ಕೈಯಲ್ಲಿ ಮಾಡಿದ ಚಿಮ್ಮು ಬಹಳ ಸಲ ಹೂವಿನ ಹಾಗೆ ಸಮ ಸಮ ಆಗಿಬಿಡುತ್ತದೆ. ಸಿಮ್ಯುಲೇಶನ್‌ನ ಬೆಲೆ ಇರುವುದು ಆ ಒರಟಿನಲ್ಲೇ.

ಜಯನಗರ_4ನೇಬ್ಲಾಕ್

ಕ್ಷಣಾರ್ಧದ ಫೋಟೋಗಳಿಗೆ ಹೆಸರಾದ ಎಡ್ಜರ್‌ಟನ್ ತೆಗೆದ ಹಾಲಿನ ಹನಿಯ ಫೋಟೋ ನೋಡಿದ್ದೀರಾ, 1957ರದ್ದು? ಅದು ಕಿರೀಟದ ಹಾಗೆ ಸಮವಾಗಿಯೇ ಇದೆ. ಪ್ರಕೃತಿಯೂ ಸಮ ಮಾಡುತ್ತದೆ.

ಗಣಿತ_ಮೇಡಂ

ಅದು ಒಂದೇ ಹನಿ, ತೆಳು ಹಾಲಿನ ಪದರದ ಮೇಲೆ, ನೇರ ಕೆಳಗೆ ಬಿದ್ದದ್ದು. ಇಲ್ಲಿ ಧಾರೆ ಓರೆಯಾಗಿ ಬರುತ್ತದೆ, ಬಟ್ಟಲು ದುಂಡಗಿದೆ, ಕಾಫಿ ಒಳಗೆ ಸುತ್ತುತ್ತದೆ. ಹೋಲಿಕೆ ಆಗುವುದಿಲ್ಲ.

ಧಾರೆ ಯಾಕೆ ಒಡೆಯುತ್ತದೆ ಅಂತ ಕೇಳಿದ್ದಿರಿ, ಅದಕ್ಕೆ ಬರುತ್ತೇನೆ. ಲೆಕ್ಕ ಹಾಕಿ. 60 ಸೆಂಟಿಮೀಟರ್ ಬೀಳಲು ಸುಮಾರು 0.35 ಸೆಕೆಂಡ್ ಸಾಕು. 24 ಫ್ರೇಮ್ ವೇಗದಲ್ಲಿ ಅದು ಎಂಟು ಚಿಲ್ಲರೆ ಫ್ರೇಮ್. ಕೆಳಗೆ ತಲುಪುವಾಗ ವೇಗ ಸೆಕೆಂಡಿಗೆ 3.4 ಮೀಟರ್, ಅಂದರೆ ಒಂದು ಫ್ರೇಮಿನಲ್ಲಿ 14 ಸೆಂಟಿಮೀಟರ್ ಜಿಗಿಯುತ್ತದೆ. ಟೈಮ್‌ಸ್ಟೆಪ್ (ಒಂದು ಫ್ರೇಮಿನೊಳಗೆ ಲೆಕ್ಕ ಹಾಕುವ ಹಂತಗಳು) ಜಾಸ್ತಿ ಇಡದೆ ಹೋದರೆ ಅಲ್ಲೇ ಅರ್ಧ ಕೆಟ್ಟಿತು.

ಇನ್ನೊಂದು ಅರ್ಧ ಇನ್ನೂ ಮುಖ್ಯ. ಬೀಳುತ್ತಾ ವೇಗ ಹೆಚ್ಚಿದ ಹಾಗೆ ಧಾರೆ ಸಣ್ಣಗಾಗುತ್ತದೆ, ಯಾಕೆಂದರೆ ಒಂದು ಸೆಕೆಂಡಿಗೆ ಮೇಲಿಂದ ಎಷ್ಟು ಕಾಫಿ ಬಂತೋ ಕೆಳಗೂ ಅಷ್ಟೇ ಹೋಗಬೇಕು. ಲೋಟದ ಬಾಯಲ್ಲಿ ವೇಗ ಅರ್ಧ ಮೀಟರ್ ಅಂತ ಇಟ್ಟುಕೊಳ್ಳಿ. ಕೆಳಗೆ ಅದು ಏಳು ಪಟ್ಟು. ಹಾಗಾಗಿ ಅಡ್ಡಕೊಯ್ತದ ವಿಸ್ತೀರ್ಣ ಏಳನೇ ಒಂದು ಪಾಲು. ಮೇಲೆ 8 ಮಿಲಿಮೀಟರ್ ದಪ್ಪ ಇದ್ದರೆ ಕೆಳಗೆ 3 ಮಿಲಿಮೀಟರ್. ನಿಮ್ಮ ಡೊಮೇನ್ 60 ಸೆಂಟಿಮೀಟರ್ ಎತ್ತರ, ರೆಸಲ್ಯೂಶನ್ 300 ಅಂದರೆ ಒಂದು ಚೌಕ 2 ಮಿಲಿಮೀಟರ್. 3 ಮಿಲಿಮೀಟರ್ ಧಾರೆಗೆ ಒಂದೂವರೆ ಚೌಕ! ಅಷ್ಟರಲ್ಲಿ ಧಾರೆ ಉಳಿಯುವುದು ಸಾಧ್ಯವೇ ಇಲ್ಲ.

ಬಸವನಗುಡಿ_ಬ್ಲೆಂಡರ್

ಮೇಡಂ, ಇದು ಯಾರೂ ಹೇಳಿರಲಿಲ್ಲ. ಹಾಗಾದರೆ 600 ಇಟ್ಟರೆ?

ಗಣಿತ_ಮೇಡಂ

ಮೂರು ಚೌಕ ಸಿಗುತ್ತದೆ. ಆಗಲೂ ಕಷ್ಟ. ಚೌಕದ ಅಳತೆ ಅರ್ಧ ಮಾಡಿದರೆ ಚೌಕಗಳು ಎಂಟು ಪಟ್ಟು, ಸ್ಟೆಪ್‌ಗಳೂ ಎರಡು ಪಟ್ಟು ಬೇಕಾಗುತ್ತವೆ. ಡೊಮೇನಿನ ಬಹುಪಾಲು ಖಾಲಿ ಗಾಳಿ, ಅದಕ್ಕೆ ಸುಮ್ನೆ ಮೆಮೊರಿ ತಿನ್ನಿಸಿದ ಹಾಗೆ.

ತಿಗಳರಪೇಟೆ_ಹುಡುಗ

ನಿಜವಾದ ಕಾಫಿ ಧಾರೆಯೂ ಒಡೆಯುತ್ತದೆ ಅಲ್ವಾ? ನಲ್ಲಿ ಸಣ್ಣಗೆ ಬಿಟ್ಟರೆ ಕೆಳಗೆ ಹನಿ ಹನಿ ಆಗುತ್ತದಲ್ಲ.

ಗಣಿತ_ಮೇಡಂ

ಒಡೆಯುತ್ತದೆ. ಮೇಲ್ಮೈ ಎಳೆತ ಅದನ್ನು ಹನಿ ಮಾಡುತ್ತದೆ. 19ನೇ ಶತಮಾನದಲ್ಲೇ ಪ್ಲಾಟೋ ಮತ್ತು ರೇಲಿ ಇದನ್ನು ವಿವರಿಸಿದ್ದಾರೆ. ಧಾರೆಯ ಮೇಲಿನ ಅಲೆಯ ಉದ್ದ ಧಾರೆಯ ಸುತ್ತಳತೆಗಿಂತ ಜಾಸ್ತಿ ಇದ್ದರೆ ಆ ಅಲೆ ಬೆಳೆಯುತ್ತಾ ಹೋಗಿ ಧಾರೆಯನ್ನು ಕತ್ತರಿಸುತ್ತದೆ. ನೀರಿನಲ್ಲಿ ಸುಮಾರು 2.7 ಮಿಲಿಮೀಟರಿಗಿಂತ ಸಣ್ಣ ಅಳತೆಯಲ್ಲಿ ಗುರುತ್ವಕ್ಕಿಂತ ಮೇಲ್ಮೈ ಎಳೆತದ ಕೈ ಮೇಲು. ಆದರೆ ದಪ್ಪಗೆ ಹೊಯ್ದ ಕಾಫಿ 60 ಸೆಂಟಿಮೀಟರಿನಲ್ಲಿ ಪೂರ್ತಿ ಒಡೆಯುವಷ್ಟು ಹೊತ್ತೇ ಸಿಗುವುದಿಲ್ಲ. ಸಿಮ್ಯುಲೇಶನ್‌ನಲ್ಲಿ ಒಡೆಯುತ್ತಿರುವುದು ಭೌತಶಾಸ್ತ್ರದಿಂದ ಅಲ್ಲ, ಚೌಕ ದಪ್ಪ ಆಗಿರುವುದರಿಂದ. ಎರಡೂ ಒಡಕು ನೋಡಲು ಒಂದೇ ಥರ, ಕಾರಣ ಬೇರೆ.

ದರ್ಶಿನಿ_ಪ್ರೇಮಿ

ವಿಷಯ ಬಿಟ್ಟು ಹೇಳುತ್ತಿದ್ದೇನೆ, ಬೈಯಬೇಡಿ. ಯಾವ ಕೌಂಟರಿನಲ್ಲಾದರೂ ನಿಂತು ನೋಡಿ. ಹೊಯ್ಯುವವರ ಮೇಲಿನ ಕೈ ಮೇಲಕ್ಕೆ ಹೋಗುತ್ತಾ ಇರುತ್ತದೆ, ಕೆಳಗಿನ ಕೈ ಕೆಳಕ್ಕೆ. ಲೋಟ ನಿಂತಲ್ಲೇ ಇರುವುದಿಲ್ಲ. ಧಾರೆ ಯಾವತ್ತೂ ನೇರ ಗೆರೆ ಅಲ್ಲ, ಬಿಲ್ಲಿನ ಹಾಗೂ ಅಲ್ಲ, ಅದಕ್ಕೆ ಅದರದೇ ಒಂದು ಬಾಗು. ಅದು ಬರದೆ ಹೋದರೆ ಯಾವ ಮಾಡೆಲ್ಲೂ ಕಾಫಿ ಅನ್ನಿಸುವುದಿಲ್ಲ.

ವಾಕ್ಸೆಲ್_ವಾಣಿ

ಇದು ವಿಷಯ ಬಿಟ್ಟದ್ದಲ್ಲ, ಇದೇ ವಿಷಯ! ಒಂದೊಂದು ಹನಿಯೂ ಲೋಟ ಬಿಟ್ಟ ಕ್ಷಣದಿಂದ ತನ್ನದೇ ದಾರಿಯಲ್ಲಿ ಬೀಳುತ್ತದೆ. ನಮಗೆ ಕಾಣುವ ಧಾರೆ ಅಂದರೆ ಬೇರೆ ಬೇರೆ ಹೊತ್ತಿಗೆ ಹೊರಟ ಹನಿಗಳು ಈ ಕ್ಷಣ ಎಲ್ಲೆಲ್ಲಿವೆಯೋ ಅವುಗಳ ಸಾಲು. ಲೋಟ ಚಲಿಸುತ್ತಿದ್ದರೆ ಹನಿಯ ದಾರಿ ಬೇರೆ, ಧಾರೆಯ ಆಕಾರ ಬೇರೆ.

ಹಾಗಾಗಿ ಧಾರೆಗೆ ಫ್ಲೂಯಿಡ್ ಸಿಮ್ಯುಲೇಶನ್ ಬೇಕೇ ಇಲ್ಲ. ಲೋಟದ ಅಂಚಿಗೆ ಕಣ ಬಿಡುವ ಒಂದು ಪುಟ್ಟ ಎಮಿಟರ್ ಅಂಟಿಸಿ, ಲೋಟವನ್ನು ನಿಜವಾಗಿ ಕೈ ಆಡುವ ಹಾಗೆ ಅನಿಮೇಟ್ ಮಾಡಿ. ಮಾಮೂಲಿ ಕಣಗಳು, ಗುರುತ್ವ ಮಾತ್ರ. ಫ್ರೇಮಿಗೆ ಸಾಕಷ್ಟು ಕಣ ಬಿಡಿ, ಸಬ್‌ಫ್ರೇಮ್ ಜಾಸ್ತಿ ಇಡಿ, ಇಲ್ಲದಿದ್ದರೆ ಗುಂಪು ಗುಂಪಾಗಿ ಬೀಳುತ್ತವೆ. ನಿಲ್ಲಿಸಿದ ಫ್ರೇಮಿನಲ್ಲಿ ಕಣಗಳ ಸಾಲು ಧಾರೆಯ ಬಾಗನ್ನು ತಾನಾಗಿ ಹಿಡಿದಿರುತ್ತದೆ. ದಪ್ಪಕ್ಕೆ ಗಣಿತ ಮೇಡಂ ಹೇಳಿದ ಲೆಕ್ಕ. ವೇಗ ಹೆಚ್ಚಿದ ಹಾಗೆ ರೇಡಿಯಸ್ ಇಳಿಸಿ.

ರಾಜಾಜಿನಗರ_ರೆಂಡರ್

ವಾಹ್. ಚಿಮ್ಮು ಮಾತ್ರ ಫ್ಲಿಪ್ (ಮಾಂಟಾಫ್ಲೋದ ದ್ರವ ಸಿಮ್ಯುಲೇಶನ್), ಅದಕ್ಕೆ ಬಟ್ಟಲಿನಷ್ಟೇ ಚಿಕ್ಕ ಡೊಮೇನ್. ಅಷ್ಟೇ ರೆಸಲ್ಯೂಶನ್‌ನಲ್ಲಿ ಚೌಕ ಎಷ್ಟೋ ಸಣ್ಣದಾಗುತ್ತದೆ.

ಬಸವನಗುಡಿ_ಬ್ಲೆಂಡರ್

ಆದರೆ ಧಾರೆ ಒಂದು ಮೆಶ್, ಚಿಮ್ಮು ಇನ್ನೊಂದು ಮೆಶ್ ಆದರೆ ಸೇರುವ ಜಾಗದಲ್ಲಿ ಗೆರೆ ಕಾಣುವುದಿಲ್ಲವೇ? ಬೂಲಿಯನ್ (ಮೆಶ್‌ಗಳನ್ನು ಕೂಡಿಸುವ, ಕಳೆಯುವ ಮಾಡಿಫೈಯರ್) ಹಾಕಿದರೆ ಬರೀ ಚೂಪು ಮೂಲೆ.

ವಾಕ್ಸೆಲ್_ವಾಣಿ

ಕಣದ ದಾರಿ ನನಗೆ ಇಷ್ಟ ಆಗುವುದು ಇದಕ್ಕೇ. ಮೆಶ್ ಮಾಡಿ ಆಮೇಲೆ ಸೇರಿಸಬೇಡಿ. ಮೊದಲು ಎಲ್ಲವನ್ನೂ ಬಿಂದು ಮಾಡಿ, ಸೇರಿಸಿ, ಕೊನೆಗೆ ಒಂದೇ ಸಲ ಮೆಶ್ ಮಾಡಿ.

ಧಾರೆಯ ಕಣಗಳನ್ನು ನೋಡ್ಸ್ ಒಳಗೆ ತರಲು ಒಂದೇ ವರ್ಟೆಕ್ಸ್ ಇರುವ ಆಬ್ಜೆಕ್ಟ್ ಮಾಡಿ, ಅದಕ್ಕೆ ಪಾರ್ಟಿಕಲ್ ಇನ್‌ಸ್ಟನ್ಸ್ ಮಾಡಿಫೈಯರ್ ಹಾಕಿ. ಪ್ರತಿ ಕಣದ ಜಾಗದಲ್ಲೂ ಒಂದು ವರ್ಟೆಕ್ಸ್ ಬಂದು ಕೂರುತ್ತದೆ. ಆಮೇಲೆ ಮೆಶ್ ಟು ಪಾಯಿಂಟ್ಸ್. ಚಿಮ್ಮಿಗೆ ಮಾಂಟಾಫ್ಲೋ ಕೊಡುವ ಮೆಶ್ ಬೇಕ್ ಮಾಡಿ, ಮೆಶ್ ಟು ವಾಲ್ಯೂಮ್, ಅದರ ಒಳಗೆ ಡಿಸ್ಟ್ರಿಬ್ಯೂಟ್ ಪಾಯಿಂಟ್ಸ್ ಇನ್ ವಾಲ್ಯೂಮ್. ಚಿಮ್ಮಿನ ತುಂಬ ಬಿಂದು ತುಂಬುತ್ತದೆ. ಎರಡನ್ನೂ ಜಾಯಿನ್ ಜಿಯೊಮೆಟ್ರಿಗೆ ಕೊಡಿ, ಪಾಯಿಂಟ್ಸ್ ಟು ವಾಲ್ಯೂಮ್, ವಾಲ್ಯೂಮ್ ಟು ಮೆಶ್. ಧಾರೆ ಚಿಮ್ಮಿನೊಳಗೆ ಇಳಿಯುವ ಜಾಗ ತಾನಾಗಿ ಕರಗಿ ಸೇರುತ್ತದೆ, ಗೆರೆ ಇರುವುದಿಲ್ಲ.

ಹೌದಿನಿ_ಹೆಬ್ಬಾಳ

ಹೌದಿನಿ ಅನ್ನುವ ಇನ್ನೊಂದು ತ್ರೀಡಿ ಸಾಫ್ಟ್‌ವೇರ್‌ನಲ್ಲಿ ಪಾರ್ಟಿಕಲ್ ಫ್ಲೂಯಿಡ್ ಸರ್ಫೇಸ್ ಅಂತ ಒಂದೇ ನೋಡ್ ಇದೆ, ಹಿಗ್ಗಿಸುವುದು, ನಯ ಮಾಡುವುದು, ಕುಗ್ಗಿಸುವುದು ಎಲ್ಲ ಅದರಲ್ಲೇ. ಸುಮ್ನೆ ಹೇಳಿದೆ.

ರಾಜಾಜಿನಗರ_ರೆಂಡರ್

ಉಚಿತ ಆವೃತ್ತಿಯಲ್ಲಿ ದುಡ್ಡಿನ ಕೆಲಸ ಮಾಡುವ ಹಾಗಿಲ್ಲ. ಇವರದು ಅಂಗಡಿಯ ಕೆಲಸ. ಇಂಡಿ ಲೈಸೆನ್ಸ್ ತೆಗೆದುಕೊಳ್ಳಬೇಕಾಗುತ್ತದೆ.

ಹೌದಿನಿ_ಹೆಬ್ಬಾಳ

ಸರಿ, ಒಪ್ಪಿದೆ. ಆದರೂ ಆ ಹಿಗ್ಗಿಸಿ ಕುಗ್ಗಿಸುವ ಕ್ರಮ ಬ್ಲೆಂಡರ್‌ನವರೂ ತಿಳಿದಿರಬೇಕು. ಕಣದ ಸುತ್ತ ಗೋಳ ಕಟ್ಟಿದರೆ ಮೇಲ್ಮೈ ರೇಡಿಯಸ್‌ನಷ್ಟು ಹೊರಗೆ ಹೋಗುತ್ತದೆ. 3 ಮಿಲಿಮೀಟರ್ ಧಾರೆಗೆ ಒಂದು ಮಿಲಿಮೀಟರ್ ಹೆಚ್ಚು ಕಮ್ಮಿ ಆದರೂ ಎದ್ದು ಕಾಣುತ್ತದೆ. ರೇಡಿಯಸ್ ಸಣ್ಣ ಮಾಡಿದರೆ ಮೇಲ್ಮೈ ಗುಬುಟು ಗುಬುಟು, ದೊಡ್ಡದು ಮಾಡಿದರೆ ಚಿಮ್ಮಿನ ತೆಳು ಅಂಚೆಲ್ಲ ದಪ್ಪ ತುಟಿ. ಈ ಜಗಳ ಹಳೆಯದು. 2005ರಲ್ಲಿ ಝು ಮತ್ತು ಬ್ರಿಡ್ಸನ್ ಹತ್ತಿರದ ಕಣಗಳ ಸರಾಸರಿ ಜಾಗ ಹಿಡಿದು ಗುಬುಟು ಕಮ್ಮಿ ಮಾಡಿದರು. ಆಮೇಲೆ ಯು ಮತ್ತು ಟರ್ಕ್ ಗೋಳದ ಬದಲು ಚಪ್ಪಟೆ ಮಾಡಿದ ಅಂಡಾಕಾರ ಬಳಸಿದರು. ಕಣಗಳು ಹಾಳೆಯ ಹಾಗೆ ಹರಡಿದ್ದರೆ ಅಂಡವೂ ಹಾಳೆಯ ಕಡೆಗೇ ಚಪ್ಪಟೆ. ಚಿಮ್ಮಿನ ತೆಳು ಅಂಚಿಗೆ ಅದಕ್ಕಿಂತ ಒಳ್ಳೆಯದು ಇಲ್ಲ.

ವಾಕ್ಸೆಲ್_ವಾಣಿ

ಬ್ಲೆಂಡರ್‌ನಲ್ಲಿ ಅದು ಸಿದ್ಧವಾಗಿ ಇಲ್ಲ. ಬೇಕಾದರೆ ಸ್ಪ್ಲಾಶ್‌ಸರ್ಫ್ ಅಂತ ಒಂದು ಮುಕ್ತ ಸಾಫ್ಟ್‌ವೇರ್ ಇದೆ, ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದ ತಂಡದ್ದು. ಕಣಗಳ ಫೈಲ್ ಕೊಟ್ಟರೆ ನಯವಾದ ಮೆಶ್ ಕೊಡುತ್ತದೆ. ಕಮಾಂಡ್ ಲೈನ್ ರೂಢಿ ಇದ್ದವರಿಗೆ ಬಹಳ ಅನುಕೂಲ.

ತಿಗಳರಪೇಟೆ_ಹುಡುಗ

ವಾಕ್ಸೆಲ್ (ವಾಲ್ಯೂಮ್‌ನ ಒಂದು ಪುಟ್ಟ ಚೌಕ) ಸೈಜ್ ಎಷ್ಟಿಡಬೇಕು? ಅದನ್ನು ಯಾರೂ ಹೇಳಲಿಲ್ಲ.

ಪೀಣ್ಯ_ಪ್ರಿಂಟ್

ನಾನು ಪ್ರಿಂಟಿನ ಕಡೆಯಿಂದ ಹೇಳುತ್ತೇನೆ. ಉಲ್ಟಾ ಲೆಕ್ಕ ಹಾಕಿ. ಪ್ಲಾಸ್ಟಿಕ್ ಹೊರಬರುವ ಮಾಮೂಲಿ ನಾಝಲ್ 0.4 ಮಿಲಿಮೀಟರ್. ಅದಕ್ಕಿಂತ ಸಣ್ಣ ವಿವರ ಮೆಶ್‌ನಲ್ಲಿದ್ದರೂ ಅಡ್ಡಕ್ಕೆ ಪ್ರಿಂಟ್‌ನಲ್ಲಿ ಬರುವುದಿಲ್ಲ. ಹಾಗಾಗಿ ಪಿಎಲ್‌ಎಗೆ ವಾಕ್ಸೆಲ್ 0.4 ಅಥವಾ 0.5 ಸಾಕು. ರೆಸಿನ್‌ಗೆ 0.2ರ ಸುತ್ತ ಇಡಿ. ಅಳತೆ ಅಂತಿಮ ಮಾಡೆಲ್ಲಿನದು, ಸೀನಿನದಲ್ಲ.

ವಾಕ್ಸೆಲ್_ವಾಣಿ

ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಓಪನ್‌ವಿಡಿಬಿಯಲ್ಲಿ ಕಣಗಳಿಂದ ಲೆವೆಲ್ ಸೆಟ್ (ಮೇಲ್ಮೈ ಎಷ್ಟು ದೂರ ಅನ್ನುವ ಸಂಖ್ಯೆಗಳ ಗ್ರಿಡ್) ಕಟ್ಟುವಾಗ ರೇಡಿಯಸ್ ಒಂದೂವರೆ ವಾಕ್ಸೆಲ್‌ಗಿಂತ ಕಮ್ಮಿ ಇದ್ದ ಕಣಗಳನ್ನು ಮೂಲತಃ ಬಿಟ್ಟೇಬಿಡುತ್ತದೆ. ಆದ್ದರಿಂದ ಹನಿಗಳು ಮಾಯವಾದರೆ ಗಾಬರಿ ಬೇಡ, ವಾಕ್ಸೆಲ್ ಇಳಿಸಿ ಅಥವಾ ರೇಡಿಯಸ್ ಏರಿಸಿ. ನಾನು ರೇಡಿಯಸ್ಸನ್ನು ಎರಡು ಮೂರು ವಾಕ್ಸೆಲ್ ಇಡುತ್ತೇನೆ, ಕಣಗಳ ನಡುವಿನ ದೂರ ರೇಡಿಯಸ್‌ಗಿಂತ ಕಮ್ಮಿ ಇರುವ ಹಾಗೆ ನೋಡಿಕೊಳ್ಳುತ್ತೇನೆ. ವಾಕ್ಸೆಲ್ ಅರ್ಧ ಮಾಡಿದರೆ ಮೆಶ್‌ನ ತ್ರಿಕೋನಗಳು ಸುಮಾರು ನಾಲ್ಕು ಪಟ್ಟು, ಅದೂ ನೆನಪಿರಲಿ.

ಕೋಡ್_ಕೆಂಗೇರಿ

ಈ ವಾಲ್ಯೂಮ್‌ನಿಂದ ಮೆಶ್ ಮಾಡುವ ಮೂಲ ವಿಧಾನ ಮಾರ್ಚಿಂಗ್ ಕ್ಯೂಬ್ಸ್, ಲೊರೆನ್ಸೆನ್ ಮತ್ತು ಕ್ಲೈನ್, 1987. ಆಸ್ಪತ್ರೆಯ ಸಿಟಿ, ಎಂಆರ್‌ಐ ಚಿತ್ರಗಳಿಂದ ಮೂಳೆಯ ಆಕಾರ ತೆಗೆಯಲು ಮಾಡಿದ್ದು. ಚೌಕದ ಎಂಟು ಮೂಲೆ, ಪ್ರತಿ ಮೂಲೆ ಒಳಗೋ ಹೊರಗೋ, ಒಟ್ಟು 256 ಸಾಧ್ಯತೆ. ತಿರುಗಿಸಿ, ಒಳಗು ಹೊರಗು ಅದಲು ಬದಲು ಮಾಡಿ ನೋಡಿದರೆ 15ಕ್ಕೆ ಇಳಿಯುತ್ತದೆ. ಅದಕ್ಕೆ ಪೇಟೆಂಟ್ ಇತ್ತು, 2005ರಲ್ಲಿ ಮುಗಿಯಿತು. ಅಲ್ಲಿಯವರೆಗೆ ಎಷ್ಟೋ ಜನ ಚೌಕದ ಬದಲು ಚತುರ್ಮುಖಿ ಬಳಸಿ ತಪ್ಪಿಸಿಕೊಳ್ಳುತ್ತಿದ್ದರು.

ದರ್ಶಿನಿ_ಪ್ರೇಮಿ

ಮೂಳೆ ನೋಡಲು ಮಾಡಿದ್ದು ಕಾಫಿಗೆ ಬಂತು. ಚೆನ್ನಾಗಿದೆ.

ಬಸವನಗುಡಿ_ಬ್ಲೆಂಡರ್

ಧಾರೆ, ಚಿಮ್ಮು ದಾರಿ ಸಿಕ್ಕಿತು. ಎಲ್ಲರಿಗೂ ಧನ್ಯವಾದ. ಉರಿಗೆ ಬರೋಣ. ಹಳೇ ಮೆಟಾಬಾಲ್ ಅವರು ಕಣ ಅಂದರು. ಉರಿಯಲ್ಲಿ ಕಣ ಎಲ್ಲಿಂದ ತರುವುದು?

ಹಳೇ_ಮೆಟಾಬಾಲ್

ಬೆಂಕಿ ಸಿಮ್ಯುಲೇಶನ್ ಈಗಾಗಲೇ ಬೇಕ್ ಆಗಿದೆಯಲ್ಲ, ಅದರ ವೇಗವನ್ನು ಬಳಸಿ. ಸೌದೆಯ ತುದಿಗಳಿಂದ ಕಣ ಬಿಡಿ. ಗುರುತ್ವ ತೆಗೆದುಬಿಡಿ. ಒಂದು ಫೋರ್ಸ್ ಫೀಲ್ಡ್ ಹಾಕಿ, ಬಗೆ ಫ್ಲೂಯಿಡ್ ಫ್ಲೋ, ಡೊಮೇನ್ ಆಗಿ ನಿಮ್ಮ ಬೆಂಕಿಯ ಡಬ್ಬ ತೋರಿಸಿ. ಬಿಸಿ ಗಾಳಿ ಎಲ್ಲಿ ಏಳುತ್ತದೋ ಕಣವೂ ಅಲ್ಲೇ ಏಳುತ್ತದೆ, ಎಲ್ಲಿ ಸುಳಿಯುತ್ತದೋ ಅಲ್ಲೇ ಸುಳಿಯುತ್ತದೆ. ಪಾತ್ರೆಯ ತಳಕ್ಕೆ ತಗುಲಿ ಪಕ್ಕಕ್ಕೆ ಹರಡುವುದೂ ಸಿಗುತ್ತದೆ, ಪಾತ್ರೆಯನ್ನು ಎಫೆಕ್ಟರ್ (ಹರಿವಿಗೆ ಅಡ್ಡ ನಿಲ್ಲುವ ವಸ್ತು) ಮಾಡಿದ್ದರೆ.

ಆಮೇಲೆ ಮುಖ್ಯ ಕೆಲಸ. ಕಣದ ವಯಸ್ಸಿಗೆ ತಕ್ಕ ಹಾಗೆ ರೇಡಿಯಸ್ ಇಳಿಸಿ. ಹುಟ್ಟುವಾಗ ದಪ್ಪ, ಸಾಯುವಾಗ ಸೊನ್ನೆ. ತುದಿ ತಾನಾಗಿ ಚೂಪಾಗುತ್ತದೆ, ನಾಲಿಗೆ ಬರುತ್ತದೆ. ಬರೀ ಥ್ರೆಶೋಲ್ಡ್‌ನಿಂದ ಇದು ಎಂದಿಗೂ ಬರುವುದಿಲ್ಲ.

ವಾಕ್ಸೆಲ್_ವಾಣಿ

"ಎಂದಿಗೂ" ಜಾಸ್ತಿ ಆಯಿತು ಸರ್. ರೆಸಲ್ಯೂಶನ್ ಚೆನ್ನಾಗಿಟ್ಟು, ವಾರ್ಟಿಸಿಟಿ (ಸುಳಿಯ ಪ್ರಮಾಣ) ಮಿತವಾಗಿಟ್ಟರೆ ಉರಿಯ ಗ್ರಿಡ್‌ನಿಂದಲೂ ಒಳ್ಳೆಯ ಆಕಾರ ತೆಗೆದಿದ್ದೇನೆ. ದೊಡ್ಡ ಸ್ಫೋಟ, ದಟ್ಟ ಹೊಗೆ ಅಂಥದ್ದಕ್ಕೆ ಥ್ರೆಶೋಲ್ಡೇ ವಾಸಿ. ಹೂಕೋಸಿನ ಥರ ಉಬ್ಬುಗಳು ಸಿಗುತ್ತವೆ. ಒಲೆಯ ಉರಿಗೆ ಕಣ ಅಂತ ಒಪ್ಪುತ್ತೇನೆ.

ಹಳೇ_ಮೆಟಾಬಾಲ್

ಆಗಲಿ. ಒಲೆಯ ಉರಿಗೆ ಅಂತಲೇ ಇಟ್ಟುಕೊಳ್ಳೋಣ.

ಗಣಿತ_ಮೇಡಂ

ಸೌದೆಯ ಉರಿ ಹಳದಿ ಕಾಣುವುದೇ ಅದರೊಳಗಿನ ಮಸಿಯ ಕಣಗಳು ಕಾದು ಹೊಳೆಯುವುದರಿಂದ. ಮಸಿ ಮೇಲೆ ಹೋಗುತ್ತಾ ಸುಟ್ಟುಹೋಗುತ್ತದೆ, ಹೊಳಪು ಅಲ್ಲಿಗೆ ನಿಲ್ಲುತ್ತದೆ, ಅಲ್ಲಿಗೆ ನಮಗೆ ಉರಿಯ ತುದಿ. ಹಾಗಾಗಿ ಹುಟ್ಟಿ, ಏರಿ, ಮುಗಿಯುವ ಕಣದಿಂದ ಉರಿ ಕಟ್ಟುವುದು ನಿಜಕ್ಕೂ ಹತ್ತಿರವೇ.

ಎಸ್‌ಪಿರೋಡ್_ಸುತ್ತಾಟ

ಎಲ್‌ಇಡಿ ಒಳಗೆ ಕೂರಬೇಕು ಅಂದಿರಿ. ಉರಿ ಟೊಳ್ಳು ಮಾಡುವುದು ಹೇಗೆ? ಸಾಲಿಡಿಫೈ (ಮೇಲ್ಮೈಗೆ ದಪ್ಪ ಕೊಡುವ ಮಾಡಿಫೈಯರ್) ಹಾಕಿದರೆ ಆ ನಾಲಿಗೆಗಳ ಸಂದಿಯಲ್ಲೆಲ್ಲ ಮೆಶ್ ಒಂದರೊಳಗೆ ಒಂದು ನುಗ್ಗುತ್ತದೆ. ಮೆಶ್ಶನ್ನು ಪ್ರಿಂಟಿನ ಪದರಗಳಾಗಿ ಕತ್ತರಿಸುವ ಸ್ಲೈಸರ್ ತಲೆ ಕೆಡಿಸಿಕೊಳ್ಳುತ್ತದೆ.

ವಾಕ್ಸೆಲ್_ವಾಣಿ

ಇದಕ್ಕೂ ಕಣವೇ ಉತ್ತರ. ಅದೇ ಬಿಂದುಗಳನ್ನು ಎರಡು ಸಲ ಬಳಸಿ. ಒಂದು ಸಲ ಪೂರ್ತಿ ರೇಡಿಯಸ್, ಅದು ಹೊರಮೈ. ಇನ್ನೊಂದು ಸಲ ಪ್ರತಿ ರೇಡಿಯಸ್‌ನಿಂದ 2 ಮಿಲಿಮೀಟರ್ ಕಳೆದು, ಅದು ಒಳಮೈ. ಸೊನ್ನೆಗಿಂತ ಕೆಳಗೆ ಹೋದ ಬಿಂದು ಅಳಿಸಿ. ಹೊರಗಿನದರಿಂದ ಒಳಗಿನದನ್ನು ಬೂಲಿಯನ್‌ನಲ್ಲಿ ಕಳೆಯಿರಿ. ಪ್ರತಿ ಗೋಳವೂ ಅಷ್ಟೇ ಕುಗ್ಗಿರುವುದರಿಂದ ಗೋಡೆ ಸರಿಸುಮಾರು 2 ಮಿಲಿಮೀಟರಿಗಿಂತ ಕಮ್ಮಿ ಆಗುವುದಿಲ್ಲ, ಒಂದಕ್ಕೊಂದು ನುಗ್ಗುವುದೂ ಇಲ್ಲ. ಚೂಪು ತುದಿಗಳು ತಾವಾಗಿ ಗಟ್ಟಿ ಉಳಿಯುತ್ತವೆ, ಅದು ಒಳ್ಳೆಯದೇ.

ಒಂದು ಎಚ್ಚರ. ಕುಗ್ಗಿಸಿದ ಗೋಳಗಳು ಕೆಲವು ಕಡೆ ಬಿಡಿ ಬಿಡಿಯಾಗಿ ಒಳಗೆ ಮುಚ್ಚಿದ ಗುಳ್ಳೆ ಆಗುತ್ತವೆ. ಮೆಶ್ ಐಲ್ಯಾಂಡ್ ನೋಡ್ ಹಾಕಿ ದೊಡ್ಡ ತುಂಡು ಒಂದನ್ನೇ ಇಟ್ಟುಕೊಂಡು ಮಿಕ್ಕಿದ್ದು ಅಳಿಸಿ.

ಪೀಣ್ಯ_ಪ್ರಿಂಟ್

ಆ ಎಚ್ಚರವನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು. ಮುಚ್ಚಿದ ಗುಳ್ಳೆಯಲ್ಲಿ ಗಟ್ಟಿಯಾಗದ ರೆಸಿನ್ ಸಿಕ್ಕಿಕೊಂಡರೆ ಮುಂದೆ ಬಿರುಕು ಬಿಟ್ಟು ಸೋರುತ್ತದೆ. ಉರಿಯ ತಳ ಪೂರ್ತಿ ತೆರೆದಿರಲಿ, ಎಲ್‌ಇಡಿಯೂ ಅಲ್ಲಿಂದಲೇ ಹೋಗುತ್ತದೆ, ರೆಸಿನ್ನೂ ಅಲ್ಲಿಂದಲೇ ಇಳಿಯುತ್ತದೆ.

ಧಾರೆಗೂ ಒಂದು ಮಾತು. 3 ಮಿಲಿಮೀಟರ್ ದಪ್ಪದ ಪಿಎಲ್‌ಎ ಕಡ್ಡಿ, ಅಷ್ಟುದ್ದ, ನಿಲ್ಲಿಸಿ ಪ್ರಿಂಟ್ ಮಾಡಿದರೆ ಪದರದ ಮಧ್ಯೆ ಪಟ್ ಅಂತ ಮುರಿಯುತ್ತದೆ. ಧಾರೆಯ ನಡುವೆ 1.5 ಮಿಲಿಮೀಟರ್ ತೂತು ಬಿಡಿ, ಅದಕ್ಕಿಂತ ಚೂರು ಸಣ್ಣ ಸ್ಟೀಲ್ ತಂತಿ ಧಾರೆಯ ಬಾಗಿಗೇ ಬಗ್ಗಿಸಿಕೊಳ್ಳಿ. ತುಂಡು ತುಂಡಾಗಿ ಪ್ರಿಂಟ್ ಮಾಡಿ ಮಣಿ ಪೋಣಿಸಿದ ಹಾಗೆ ಏರಿಸಿ.  ಕೆಳಗೆ ಬಹಳ ಸಣ್ಣ ಅನ್ನಿಸಿದರೆ ಧಾರೆಯನ್ನೇ 4 ಮಾಡಿ.

ಗಣಿತ_ಮೇಡಂ

4 ಮಾಡುವುದಾದರೆ ಮೇಲೂ ಅದೇ ಅನುಪಾತದಲ್ಲಿ 10, 11 ಮಾಡಿ. ಕೆಳಗೆ ಮಾತ್ರ ದಪ್ಪ ಮಾಡಿದರೆ ಕಣ್ಣು ಹಿಡಿದುಬಿಡುತ್ತದೆ.

ತಿಗಳರಪೇಟೆ_ಹುಡುಗ

ಹಾರುವ ಬಿಡಿ ಹನಿಗಳ ಗತಿ ಏನು? ಗಾಳಿಯಲ್ಲಿ ಪ್ರಿಂಟ್ ಆಗುವುದಿಲ್ಲವಲ್ಲ.

ಪೀಣ್ಯ_ಪ್ರಿಂಟ್

ಅಂಟಿಸಿ, ಇಲ್ಲ ಅಳಿಸಿ. ಹತ್ತಿರ ಇದ್ದರೆ ನಡುವೆ ನಾಲ್ಕು ಬಿಂದು ಸೇರಿಸಿ, ಸಣ್ಣ ಕತ್ತು ಬರುತ್ತದೆ. ಚಿಮ್ಮಿನಿಂದ ಹನಿ ಬೇರೆಯಾಗುವ ಮುಂಚಿನ ಕ್ಷಣವೂ ಹಾಗೇ ಇರುತ್ತದೆ.

ರಾಜಾಜಿನಗರ_ರೆಂಡರ್

ಬೇಕ್ ಮಾಡುವಾಗ ರಿಸ್ಯೂಮಬಲ್ ಟಿಕ್ ಮಾಡಿರಿ. ಮಳೆಗಾಲ. ಸಂಜೆ ಒಂದು ಗುಡುಗಿಗೆ ನಮ್ಮ ಕಡೆ ಕರೆಂಟ್ ಹೋಗುತ್ತದೆ. ಟಿಕ್ ಇಲ್ಲದಿದ್ದರೆ ಮೊದಲಿಂದ ಶುರು. ಮಾಡ್ಯುಲರ್ ಕ್ಯಾಶ್‌ನಲ್ಲಿ ಮೆಶ್ ಬೇರೆಯಾಗಿ ಬೇಕ್ ಮಾಡಲೂ ಅದು ಬೇಕು.

ಎಸ್‌ಪಿರೋಡ್_ಸುತ್ತಾಟ

ಯುಪಿಎಸ್ ಬ್ಯಾಟರಿ ಎಸ್‌ಪಿ ರಸ್ತೆಯಲ್ಲಿ ನೋಡಿ, ಆದರೆ ನಾಲ್ಕು ಅಂಗಡಿ ವಿಚಾರಿಸಿ. ಭಾನುವಾರ ಹೋಗಬೇಡಿ, ಬಹಳ ಅಂಗಡಿ ಮುಚ್ಚಿರುತ್ತವೆ.

ಕೋಡ್_ಕೆಂಗೇರಿ

ಎಸ್‌ಟಿಎಲ್ ಬಗ್ಗೆ ಯಾರೂ ಹೇಳಿಲ್ಲ. ಆ ಫೈಲಿನಲ್ಲಿ ಅಳತೆಯ ಮಾನವೇ ಇರುವುದಿಲ್ಲ, ಬರೀ ಸಂಖ್ಯೆ. ಬ್ಲೆಂಡರ್‌ನಲ್ಲಿ 0.6 ಮೀಟರ್ ಇದ್ದದ್ದು ಸ್ಲೈಸರ್‌ನಲ್ಲಿ 0.6 ಮಿಲಿಮೀಟರ್ ಆಗಿ ಕೂರುತ್ತದೆ. ಎಕ್ಸ್‌ಪೋರ್ಟ್‌ನಲ್ಲಿ ಸ್ಕೇಲ್ 1000 ಕೊಡಿ. ನನ್ನ ಒಂದು ಮಾಡೆಲ್ಲನ್ನು ಒಂದು ಪ್ರಿಂಟ್ ಅಂಗಡಿಯವರು ಕೇಳದೆ ಸುಮ್ನೆ ಅಂದಾಜಿಗೆ ದೊಡ್ಡದು ಮಾಡಿ ಕೊಟ್ಟುಬಿಟ್ಟರು, ಯಾವುದಕ್ಕೂ ಕೂರಲಿಲ್ಲ. ಫೈಲ್ ಜೊತೆ ಎತ್ತರ ಎಷ್ಟು ಮಿಲಿಮೀಟರ್ ಅಂತ ಬರೆದು ಕಳಿಸಿ. ತ್ರೀಎಂಎಫ್ ಬಗೆಯ ಫೈಲ್ ಕೊಟ್ಟರೆ ಈ ತಲೆನೋವೇ ಇಲ್ಲ, ಅದರಲ್ಲಿ ಮಾನ ಸೇರಿರುತ್ತದೆ.

ದರ್ಶಿನಿ_ಪ್ರೇಮಿ

ನೊರೆ? ಬಟ್ಟಲ ಮೇಲೆ ನೊರೆ ಇಲ್ಲದಿದ್ದರೆ ಅದು ಕಾಫಿ ಅಲ್ಲ, ಕಂದು ನೀರು.

ವಾಕ್ಸೆಲ್_ವಾಣಿ

ನೊರೆಯನ್ನು ಮೆಶ್ ಮಾಡಲು ಹೋಗಬೇಡಿ. ಗುಳ್ಳೆ ನಾಝಲ್‌ಗಿಂತ ಸಣ್ಣದು. ದೊಡ್ಡ ಗುಳ್ಳೆ ಕೆಲವನ್ನು ಮಾತ್ರ ಅಂಚಿನಲ್ಲಿ ಬಿಂದುಗಳಾಗಿ ಇಡಿ, ಮಿಕ್ಕಿದ್ದು ಬಣ್ಣದಲ್ಲಿ.

ಜಯನಗರ_4ನೇಬ್ಲಾಕ್

ನೊರೆಗೆ ಅಕ್ರಿಲಿಕ್ ಟೆಕ್ಸ್ಚರ್ ಪೇಸ್ಟ್ ಹಚ್ಚಿ ಸ್ಪಾಂಜಿನಿಂದ ಒತ್ತಿ. ಅವೆನ್ಯೂ ರಸ್ತೆ ಕಡೆ ಆರ್ಟ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ನೋಡಿ, ಕೊನೆಗೆ ಕೈಕೆಲಸ ಬೇಕೇ ಆಯಿತು.

ವಾಕ್ಸೆಲ್_ವಾಣಿ

ಅದಕ್ಕೆ ಯಾರೂ ಬೇಡ ಅಂದಿಲ್ಲ ಸರ್. ಆ ಪೇಸ್ಟ್ ಒಳ್ಳೆಯ ಸಲಹೆ.

ಎಸ್‌ಪಿರೋಡ್_ಸುತ್ತಾಟ

ಉರಿಯ ಎಲ್‌ಇಡಿ ಒಂದೇ ದೊಡ್ಡದು ಹಾಕಬೇಡಿ, ಒಂದೇ ಕಡೆ ಚುಕ್ಕಿ ಕಾಣುತ್ತದೆ. ವಾರ್ಮ್ ವೈಟ್ ಸಣ್ಣವು ನಾಲ್ಕೈದು, ಬೇರೆ ಬೇರೆ ಎತ್ತರದಲ್ಲಿ. ರೆಸಿನ್ ಒಳಗೋಡೆಯನ್ನು ಮರಳು ಕಾಗದದಲ್ಲಿ ಚೂರು ಉಜ್ಜಿದರೆ ಬೆಳಕು ಹರಡುತ್ತದೆ.

ಪೀಣ್ಯ_ಪ್ರಿಂಟ್

ಷೋಕೇಸ್‌ಗೆ ಬಿಸಿಲು ಬೀಳುತ್ತದೆಯೇ? ಪಾರದರ್ಶಕ ರೆಸಿನ್ ಬಿಸಿಲಿಗೆ ಹಳದಿ ತಿರುಗುತ್ತದೆ. ಪಿಎಲ್‌ಎ ಕೂಡ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ, ಗಾಜಿನ ಹಿಂದೆ ಮಧ್ಯಾಹ್ನದ ಬಿಸಿಲು ಅಂದರೆ ಹುಷಾರು.

ಬಸವನಗುಡಿ_ಬ್ಲೆಂಡರ್

ಸಂಜೆ ಬಿಸಿಲು ಬೀಳುತ್ತದೆ, ಅಂಗಡಿ ಪಶ್ಚಿಮಕ್ಕಿದೆ. ಹಾಗಾದರೆ ಧಾರೆಗೆ ಇನ್ನೂ ಹೆಚ್ಚು ಬಿಸಿ ತಡೆಯುವ ಪಿಇಟಿಜಿ ಫಿಲಮೆಂಟ್ ಹಾಕುತ್ತೇನೆ. ಉರಿಗೆ ಶುರುವಿನಿಂದಲೇ ಕಿತ್ತಳೆ ಬಣ್ಣ ಬೆರೆಸಿದ ರೆಸಿನ್, ಮೇಲೆ ಯುವಿ ತಡೆಯುವ ವಾರ್ನಿಷ್ ಹೊಡೆಯುತ್ತೇನೆ.

ಈಗ ಲೋಟದ ಅನಿಮೇಶನ್ ಕೂರಿಸುತ್ತಿದ್ದೇನೆ. ದರ್ಶಿನಿ ಪ್ರೇಮಿ ಅವರೇ, ಹೊಯ್ಯುವಾಗ ಮೇಲಿನ ಕೈ ಮೊದಲು ಎದ್ದು ಆಮೇಲೆ ಲೋಟ ಬಾಗುತ್ತದೆಯೇ, ಅಥವಾ ಬಾಗಿಸಿಕೊಂಡೇ ಏಳುತ್ತದೆಯೇ?

ದರ್ಶಿನಿ_ಪ್ರೇಮಿ

ಬಾಗಿಸಿಕೊಂಡೇ ಏಳುತ್ತದೆ. ಶುರುವಿನಲ್ಲಿ ಲೋಟದ ಬಾಯಿ ಬಟ್ಟಲಿಗೆ ಹೆಚ್ಚು ಕಮ್ಮಿ ತಾಗಿಕೊಂಡೇ ಇರುತ್ತದೆ, ಧಾರೆ ಹಿಡಿದ ಮೇಲೆ ಕೈ ಏರುತ್ತದೆ. ಇಳಿಯುವಾಗ ಬಟ್ಟಲೇ ಮೇಲೆ ಬಂದು ಧಾರೆಯನ್ನು ಹಿಡಿಯುತ್ತದೆ. ನಾಳೆ ಬೆಳಿಗ್ಗೆ ಸ್ಲೋ ಮೋಷನ್‌ನಲ್ಲಿ ವಿಡಿಯೋ ತೆಗೆದು ಇಲ್ಲೇ ಹಾಕುತ್ತೇನೆ.

ಬಸವನಗುಡಿ_ಬ್ಲೆಂಡರ್

240 ಫ್ರೇಮ್‌ನಲ್ಲಿ ತೆಗೆಯಿರಿ, ಪಕ್ಕದಿಂದ, ಫೋನ್ ಅಲುಗದ ಹಾಗೆ. ಧಾರೆಯ ನೋಡ್ ಫೈಲನ್ನು ನಾನೂ ಇಲ್ಲೇ ಹಾಕುತ್ತೇನೆ, ಬೇಕಾದವರು ತೆಗೆದುಕೊಂಡು ತಿದ್ದಿ.